ಹಿತ್ತಲಿಗೆ ಯಾವ ಬೀಜ, ಯಾವ ಸಸಿ?

ಹಿತ್ತಲಿನಲ್ಲಿ ನಾಲ್ಕು ಬದನೆಯ ಗಿಡ, ಎರಡು ಮೆಣಸಿನ ಗಿಡ, ಚಪ್ಪರದ ಮೇಲೊಂದು ಹೀರೆಯ ಬಳ್ಳಿ, ಬಚ್ಚಲ ನೀರು ಹರಿಯುವಲ್ಲಿ ಒಂದು ಮಡಿ ಸೊಪ್ಪು. ಇಷ್ಟಿದ್ದ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೂ ಗೃಹಿಣಿಗೆ ಚಿಂತೆ ಇರುತ್ತಿರಲಿಲ್ಲ. ಇಂದು ಹಿತ್ತಲುಗಳು ಕಿರಿದಾಗಿವೆ. ಪಟ್ಟಣದ ಅನೇಕ ಮನೆಗಳಲ್ಲಿ ಹಿತ್ತಲೆಂಬುದು ತಾರಸಿಯ ಮೇಲಿನ ಹತ್ತು ಕುಂಡಗಳಿಗೆ ಇಳಿದಿದೆ. ಆದರೂ ಮನೆಯಲ್ಲಿ ಬೆಳೆದ ಕಾಯಿಪಲ್ಯದ ಮೇಲಿನ ಆಸೆ ಕುಗ್ಗಿಲ್ಲ. ಮುಂಗಾರು ಬಂತೆಂದರೆ ಎಷ್ಟೋ ಕುಟುಂಬಗಳು ಉತ್ಸಾಹದಿಂದ ಮಣ್ಣು ಹದಗೊಳಿಸಿ, ಗೊಬ್ಬರ ಹಾಕಿ, ಬೀಜ ತಂದು ಬಿತ್ತುತ್ತವೆ.

ಆದರೆ ಮರುವರ್ಷ ಅದೇ ಕುಂಡಗಳು ಬರಿದಾಗಿ ಮೂಲೆ ಸೇರಿರುವುದನ್ನೂ ನಾವು ಕಾಣುತ್ತೇವೆ. ಟೊಮ್ಯಾಟೊ ಎಲೆ ಮುದುಡಿತು, ಬದನೆ ಒಂದೇ ದಿನದಲ್ಲಿ ಬಾಡಿತು, ಅವರೆ ಆಳೆತ್ತರ ಬೆಳೆದರೂ ಹೂ ಬಿಡಲಿಲ್ಲ ಎಂಬ ಮಾತುಗಳು ಎಲ್ಲೆಡೆಯೂ ಕೇಳಿಬರುತ್ತವೆ. "ನಮ್ಮ ಕೈಗುಣ ಸರಿಯಿಲ್ಲ" ಎಂದು ಕೆಲವರು, "ಮಣ್ಣಿನಲ್ಲಿ ಸತ್ವವಿಲ್ಲ" ಎಂದು ಇನ್ನು ಕೆಲವರು ಕೈಚೆಲ್ಲುತ್ತಾರೆ. ನಿಜವಾಗಿ ನೋಡಿದರೆ ಇಂಥ ಸೋಲುಗಳಲ್ಲಿ ಅನೇಕವು ಕೈಗುಣದ್ದೂ ಅಲ್ಲ, ಮಣ್ಣಿನದ್ದೂ ಅಲ್ಲ. ಬೀಜವನ್ನೋ ಸಸಿಯನ್ನೋ ಆರಿಸಿದ ದಿನದ್ದು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಹಿರಿಯರು ಹೇಳಿದರು. ಕೈತೋಟದ ಮಟ್ಟಿಗೆ ಆ ಸಿರಿ ಮೊಳಕೆಗಿಂತಲೂ ಒಂದು ಹೆಜ್ಜೆ ಮೊದಲು, ಆಯ್ಕೆಯಲ್ಲಿಯೇ ಇದೆ.

ಮೊದಲು ಅಡಿಗೆಮನೆಯನ್ನು ಕೇಳಬೇಕು

ಬೀಜದ ಅಂಗಡಿಯ ಬಣ್ಣದ ಚಿತ್ರಗಳನ್ನು ನೋಡುವ ಮೊದಲು ನಮ್ಮ ಮನೆಯಲ್ಲಿ ವಾರಕ್ಕೆ ಯಾವ ಪಲ್ಯ ಎಷ್ಟು ಸಲ ಆಗುತ್ತದೆ ಎಂಬುದನ್ನು ನೆನೆಯುವುದು ಒಳ್ಳೆಯದು. ಧಾರವಾಡದ ಕಡೆಯ ಮನೆಗೆ ಎಣ್ಣೆಗಾಯಿಗೆ ಒಗ್ಗುವ ಎಳೆಯ ಸಣ್ಣ ಮುಳಗಾಯಿ ಬೇಕು; ಮೈಸೂರಿನ ಕಡೆಯವರಿಗೆ ವಾಂಗೀಭಾತಿಗೆ ಹೊಂದುವ ಬದನೆ ಬೇಕು. ಉತ್ತರದಲ್ಲಿ ಚವಳಿಕಾಯಿ ಎನ್ನುವುದನ್ನೇ ದಕ್ಷಿಣದಲ್ಲಿ ಗೋರಿಕಾಯಿ ಎನ್ನುತ್ತಾರೆ. ಅದನ್ನು ಇಷ್ಟಪಡದ ಮನೆಯಲ್ಲಿ ಎಷ್ಟು ಸೊಗಸಾಗಿ ಬೆಳೆದರೂ ವ್ಯರ್ಥವೇ. ತಟ್ಟೆಯಲ್ಲಿ ಉಳಿಯುವ ಕಾಯಿಗೆ ಹಿತ್ತಲಿನಲ್ಲಿ ಸ್ಥಳ ಕೊಡಬಾರದು.

ಎರಡನೆಯದಾಗಿ, ಸ್ಥಳದ ಮಿತವ್ಯಯ. ಈರುಳ್ಳಿ, ಆಲೂಗಡ್ಡೆ, ಎಲೆಕೋಸು ಇವು ತಿಂಗಳುಗಟ್ಟಲೆ ನೆಲವನ್ನು ಹಿಡಿದು ಒಮ್ಮೆ ಮಾತ್ರ ಫಲ ಕೊಡುತ್ತವೆ. ಬದನೆ, ಮೆಣಸಿನಕಾಯಿ, ಬೆಂಡೆ, ಹೀರೆ, ಅಲಸಂದೆ ಇವು ಕೊಯ್ದಷ್ಟೂ ಮತ್ತೆ ಕೊಡುತ್ತವೆ. ಕಿರಿದಾದ ಹಿತ್ತಲಿಗೆ ಈ ಎರಡನೆಯ ಗುಂಪೇ ಹಿತ. ನಾಲ್ಕು ಜನರ ಸಂಸಾರಕ್ಕೆ ಆರು ಟೊಮ್ಯಾಟೊ, ನಾಲ್ಕು ಬದನೆ, ನಾಲ್ಕು ಮೆಣಸಿನ ಗಿಡ, ಹದಿನೈದು ಇಪ್ಪತ್ತು ಬೆಂಡೆ, ಒಂದೆರಡು ಬಳ್ಳಿ ಸಾಕೆಂಬುದು ನಮ್ಮ ಲೆಕ್ಕ. ಸೊಪ್ಪನ್ನು ಮಾತ್ರ ಒಂದೇ ಸಲ ಬಿತ್ತದೆ, 15 ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತುತ್ತಿದ್ದರೆ ಮನೆಗೆ ಎಡೆಬಿಡದೆ ಒದಗುತ್ತದೆ.

ಕುಂಡಗಳಲ್ಲಿ ಬೆಳೆಯುವವರು ಗಿಡದ ಸ್ವಭಾವವನ್ನೂ ವಿಚಾರಿಸಬೇಕು. ಟೊಮ್ಯಾಟೊದಲ್ಲಿ ಒಂದು ಮಟ್ಟಕ್ಕೆ ಬೆಳೆದು ನಿಲ್ಲುವ ತಳಿಗಳಿವೆ, ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ತಳಿಗಳೂ ಇವೆ. ಹುರುಳಿಕಾಯಿಯಲ್ಲಿಯೂ ಪೊದೆಯಂಥದು, ಬಳ್ಳಿಯಂಥದು ಎಂದು ಎರಡು ಬಗೆ. ಅರ್ಕಾ ಕೋಮಲ್ ಎಂಬ ಹುರುಳಿಕಾಯಿ ಪೊದೆಯ ಜಾತಿಗೆ ಸೇರಿದ್ದು. ಅದಕ್ಕೆ ಚಪ್ಪರ ಬೇಡ. ಗಜದುದ್ದ ಕಾಯಿ ಬಿಡುವ ಅಲಸಂದೆ ಅರ್ಕಾ ಮಂಗಳಾ ಬಳ್ಳಿಯಾಗಿ ಹಬ್ಬುವುದು. ಆಸರೆಯಿಲ್ಲದೆ ಅದನ್ನು ಬಿತ್ತಿ ಫಲವಿಲ್ಲ.

ಋತುವನ್ನರಿತು ತಳಿ

ಅವರೆ ಹೂ ಬಿಡಲಿಲ್ಲ ಎಂಬ ದೂರನ್ನು ಮೇಲೆ ಹೇಳಿದೆವಷ್ಟೆ. ಅದರ ಕಾರಣ ಸ್ವಾರಸ್ಯವಾದುದು. ನಮ್ಮ ಹಳೆಯ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಸ್ವಭಾವದ್ದು. ಆದುದರಿಂದಲೇ ಮಳೆಗಾಲದಲ್ಲಿ ಬಿತ್ತಿದ ಅವರೆ ಚಳಿಗಾಲದಲ್ಲಿ ಕಾಯಿ ತುಂಬಿ, ಸಂಕ್ರಾಂತಿಯ ಹೊತ್ತಿಗೆ ಸೊಗಡಿನಿಂದ ಮನೆ ತುಂಬುತ್ತದೆ. ಅದನ್ನು ಫೆಬ್ರವರಿ ಮಾರ್ಚ್‌ನಲ್ಲಿ ಬಿತ್ತಿದರೆ ಮುಂದೆ ಹಗಲು ಬೆಳೆಯುತ್ತಲೇ ಹೋಗುವುದರಿಂದ ಬಳ್ಳಿ ಹಬ್ಬೀತೇ ಹೊರತು ಕಾಯಿ ಕಟ್ಟದು. ವರ್ಷದ ಯಾವ ಕಾಲದಲ್ಲಾದರೂ ಅವರೆ ಬೇಕೆನ್ನುವವರು ಹಗಲಿನ ಉದ್ದಕ್ಕೆ ಕಟ್ಟುಬೀಳದ ತಳಿಗಳನ್ನು ಆರಿಸಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಇಂಥದು. ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್ ಮತ್ತು ಅರ್ಕಾ ವಿಜಯ್ ತಳಿಗಳೂ ಹಾಗೆಯೇ. ಇವು ಗಿಡ್ಡ ಪೊದೆಗಳಾಗಿ ಬೆಳೆಯುವುದರಿಂದ ಕುಂಡಕ್ಕೂ ಒಗ್ಗುತ್ತವೆ. ಸೊಗಡು ಮುಖ್ಯವೆನ್ನುವವರು ನಾಟಿ ಅವರೆಯನ್ನೇ ಅದರ ಕಾಲದಲ್ಲಿ ಬಿತ್ತಲಿ. ಎರಡೂ ಒಳ್ಳೆಯವೇ, ಒಂದರ ಕಾಲದಲ್ಲಿ ಇನ್ನೊಂದನ್ನು ಬಿತ್ತಿದಾಗಲೇ ತೊಂದರೆ.

ಹೂಕೋಸಿನ ವಿಷಯವೂ ಇದೇ. ಬೇಗನೆ ಬರುವ ತಳಿಗಳು ಬೇರೆ, ಚಳಿಯಲ್ಲಿ ಬರುವ ತಳಿಗಳು ಬೇರೆ. ಚಳಿಯ ತಳಿಯನ್ನು ಸೆಕೆಯಲ್ಲಿ ನೆಟ್ಟರೆ ಎಲೆ ಬೆಳೆಯುತ್ತದೆ, ಗಡ್ಡೆ ಕಟ್ಟುವುದಿಲ್ಲ. ಟೊಮ್ಯಾಟೊ ಬಿರುಬಿಸಿಲಿನಲ್ಲಿ ಹೂವನ್ನು ಉದುರಿಸುತ್ತದೆ. ಕೊತ್ತಂಬರಿ, ಮೆಂತ್ಯ, ಪಾಲಕ, ಕ್ಯಾರೆಟ್ ತಂಪನ್ನು ಬಯಸುತ್ತವೆ. ಬೆಂಡೆ, ಹೀರೆ, ಹಾಗಲ, ಗೋರಿಕಾಯಿ, ದಂಟು ಬಿಸಿಲನ್ನು ಸಹಿಸುತ್ತವೆ. ಜೂನ್ ಜುಲೈ, ಸೆಪ್ಟೆಂಬರ್ ಅಕ್ಟೋಬರ್, ಜನವರಿ ಫೆಬ್ರವರಿ ಎಂಬ ಮೂರು ಬಿತ್ತನೆಯ ಕಾಲಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟು, ಆಯಾ ಕಾಲಕ್ಕೆ ಒಗ್ಗುವುದನ್ನೇ ತರುವುದು ಜಾಣತನ.

ಊರಿನ ರೋಗವನ್ನು ತಿಳಿದು

ಒಂದು ಊರಿನಲ್ಲಿ ಸೊಗಸಾಗಿ ಬಂದ ತಳಿ ಇನ್ನೊಂದು ಊರಿನಲ್ಲಿ ಸಾಯುವುದುಂಟು. ಕರಾವಳಿ ಮತ್ತು ಮಲೆನಾಡಿನ ಹುಳಿಮಣ್ಣಿನಲ್ಲಿ ದುಂಡಾಣುವಿನಿಂದ ಬರುವ ಸೊರಗು ರೋಗದ ಬಾಧೆ ಹೆಚ್ಚು. ನಿನ್ನೆ ಹಸಿರಾಗಿದ್ದ ಬದನೆ ಇಂದು ತಲೆ ಬಾಗಿಸಿ ನಿಲ್ಲುವುದು ಈ ರೋಗದಿಂದಲೇ. ಅಂಥ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಹಿಡಿದರೆ ಹಾಲಿನಂಥ ಎಳೆ ಇಳಿಯುವುದನ್ನು ಕಾಣಬಹುದು. ಇದಕ್ಕೆ ಮದ್ದು ಹೊಡೆದು ಪ್ರಯೋಜನವಿಲ್ಲ. ತಾಳಿಕೊಳ್ಳುವ ತಳಿಯನ್ನು ಆರಿಸುವುದೇ ದಾರಿ. ಬದನೆಯಲ್ಲಿ ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ್ ತಳಿಗಳನ್ನು ಈ ರೋಗವನ್ನು ಎದುರಿಸಲೆಂದೇ ಬೆಳೆಸಲಾಗಿದೆ.

ಬಯಲುಸೀಮೆಯಲ್ಲಿ ಬೇಸಿಗೆಯ ಟೊಮ್ಯಾಟೊಗೆ ಎಲೆ ಮುದುಡು ರೋಗದ ಕಾಟ. ಇದು ನಂಜಿನ ರೋಗ. ಬಿಳಿನೊಣ ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಎಲೆ ಮುದುಡು, ಸೊರಗು, ಎಲೆಚುಕ್ಕೆಯ ಅಂಗಮಾರಿ ಈ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ಎಂಬ ಸಂಕರಣ ತಳಿಯನ್ನು ಹೆಸರಘಟ್ಟದ ಸಂಸ್ಥೆಯೇ ಹೊರತಂದಿದೆ. ಬೇಸಿಗೆಯಲ್ಲಿ ಟೊಮ್ಯಾಟೊ ಬೆಳೆಯಲೇಬೇಕೆನ್ನುವವರು ಇಂಥದನ್ನೇ ಆರಿಸುವುದು ಮೇಲು.

ಆದರೆ ರೋಗ ತಡೆಯುವ ಗುಣ ಶಾಶ್ವತವೆಂದು ಭಾವಿಸಬಾರದು. ಬೆಂಡೆಯ ಕಥೆ ಇದಕ್ಕೆ ನಿದರ್ಶನ. ಎಲೆಯ ನರಗಳು ಹಳದಿಯಾಗಿ ಕಾಯಿಯೂ ಬಿಳಿಚಿಕೊಳ್ಳುವ ಹಳದಿ ನಂಜು ರೋಗವನ್ನು ದೆಹಲಿಯ ಪೂಸಾ ಸಾವನಿ ತಳಿ ಒಂದು ಕಾಲಕ್ಕೆ ತಡೆಯುತ್ತಿತ್ತು. ವರ್ಷಗಳು ಕಳೆದಂತೆ ಅದೂ ರೋಗಕ್ಕೆ ತುತ್ತಾಯಿತು. ಆಗ ಹೆಸರಘಟ್ಟದ ವಿಜ್ಞಾನಿಗಳು ಬೆಂಡೆಯ ಕಾಡುಸಂಬಂಧಿಯೊಂದನ್ನು ಊರ ಬೆಂಡೆಯೊಡನೆ ಕೂಡಿಸಿ ಅರ್ಕಾ ಅನಾಮಿಕಾ ಮತ್ತು ಅರ್ಕಾ ಅಭಯ್ ತಳಿಗಳನ್ನು ಪಡೆದರು. ಈಚಿನ ವರ್ಷಗಳಲ್ಲಿ ಅನಾಮಿಕಾಕ್ಕೂ ಹಲವೆಡೆ ಹಳದಿ ನಂಜು ತಗಲುತ್ತಿದೆ. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಹತ್ತು ವರ್ಷಗಳ ಹಿಂದೆ ಯಾರೋ ಹೊಗಳಿದ ತಳಿಯನ್ನು ಇಂದು ಕಣ್ಣುಮುಚ್ಚಿ ತರಬಾರದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬೇಕು. ಕಾಡಿನಲ್ಲಿ ಯಾರಿಗೂ ಬೇಡವಾಗಿ ಬೆಳೆದ ಗಿಡವೂ ಒಂದು ದಿನ ನಮ್ಮ ಊಟವನ್ನು ಉಳಿಸಬಲ್ಲದು.

ಜವಾರಿಯೋ, ಸುಧಾರಿತವೋ, ಸಂಕರಣವೋ?

ಈ ಮೂರು ಮಾತುಗಳ ಅರ್ಥ ಸ್ಪಷ್ಟವಿಲ್ಲದೆ ಅನೇಕರು ಗೊಂದಲಕ್ಕೊಳಗಾಗುತ್ತಾರೆ. ಜವಾರಿ ಅಥವಾ ನಾಟಿ ಎಂದರೆ ಒಂದು ಸೀಮೆಯಲ್ಲಿ ತಲೆತಲಾಂತರದಿಂದ ಬೀಜ ಹಿಡಿದು ಬಂದದ್ದು. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳ, ಮೈಸೂರಿನ ಈರನಗೆರೆ ಬದನೆ, ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿ ಇಂಥವು. ಮಟ್ಟು ಗುಳ್ಳ ಮತ್ತು ಬ್ಯಾಡಗಿ ಎರಡಕ್ಕೂ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಸುಧಾರಿತ ತಳಿ ಎಂದರೆ ಸಂಶೋಧನಾ ಸಂಸ್ಥೆಗಳು ಆಯ್ದು ಸ್ಥಿರಗೊಳಿಸಿದ್ದು. ಅದರ ಬೀಜವನ್ನು ಹಿಡಿದಿಟ್ಟು ಮರುವರ್ಷ ಬಿತ್ತಿದರೂ ಅದೇ ಗುಣ ಬರುತ್ತದೆ. ಟೊಮ್ಯಾಟೊದಲ್ಲಿ ಅರ್ಕಾ ವಿಕಾಸ್, ಗೋರಿಕಾಯಿಯಲ್ಲಿ ಪೂಸಾ ನವಬಹಾರ್, ದಂಟಿನಲ್ಲಿ ಮತ್ತೆ ಮತ್ತೆ ಕೊಯ್ಯಬಹುದಾದ ಅರ್ಕಾ ಸುಗುಣಾ ಈ ವರ್ಗದವು. ಸಂಕರಣ ತಳಿ, ಎಂದರೆ ಹೈಬ್ರಿಡ್, ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಅದು ಚೆನ್ನಾಗಿ ಫಲ ಕೊಡುತ್ತದೆ, ಕಾಯಿಗಳು ಒಂದೇ ಸಮನಾಗಿರುತ್ತವೆ. ಆದರೆ ಅದರ ಬೀಜವನ್ನು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚೆದುರಿ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಆದುದರಿಂದ ಪ್ರತಿ ವರ್ಷವೂ ಅಂಗಡಿಗೆ ಹೋಗಲೇಬೇಕು.

ಹೈಬ್ರಿಡ್ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ರೋಗದ ಬಾಧೆ ಹೆಚ್ಚಿರುವಲ್ಲಿ ಅದು ನೆರವಿಗೆ ಬರುತ್ತದೆ. ಆದರೆ ಮಾರಾಟಕ್ಕೆ ಬೆಳೆಯುವ ರೈತನ ಅಗತ್ಯ ಬೇರೆ, ಮನೆಯ ಅಗತ್ಯ ಬೇರೆ. ರೈತನಿಗೆ ಎಲ್ಲ ಕಾಯಿಯೂ ಒಟ್ಟಿಗೆ ಬಂದು ಲಾರಿಯಲ್ಲಿ ನಜ್ಜುಗುಜ್ಜಾಗದೆ ಮಾರುಕಟ್ಟೆ ಸೇರಬೇಕು. ಮನೆಗೆ ದಿನಕ್ಕಿಷ್ಟರಂತೆ ಬರಬೇಕು. ಸಿಪ್ಪೆ ತೆಳುವಾಗಿದ್ದರೂ ರುಚಿಯಿರಬೇಕು. ಹಿತ್ತಲಿನಿಂದ ಅಡಿಗೆಮನೆಗಿರುವ ದೂರ ಹತ್ತು ಹೆಜ್ಜೆ. ಅಷ್ಟು ದೂರಕ್ಕೆ ಗಟ್ಟಿ ಸಿಪ್ಪೆಯ ಹಣ್ಣೇಕೆ ಬೇಕು?

ಪೊಟ್ಟಣದ ಮೇಲೆ ಬರೆದುದನ್ನು ಓದಿ

ಬೀಜದ ಪೊಟ್ಟಣದಲ್ಲಿ ಚಿತ್ರಕ್ಕಿಂತ ಮುಖ್ಯವಾದುದು ಹಿಂಬದಿಯ ಸಣ್ಣ ಅಕ್ಷರ. ತಳಿಯ ಹೆಸರು, ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನ, ಶೇಕಡಾ ಮೊಳಕೆಯ ಪ್ರಮಾಣ ಇವನ್ನು ನೋಡದೆ ಕೊಳ್ಳಬಾರದು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ; ತಯಾರಕನೇ ಹೊಣೆ ಹೊತ್ತು ಮಾರುವ ಬೀಜಕ್ಕೆ ತಿಳಿಹಸಿರು ಚೀಟಿ. ನಿಗದಿಯಾದ ಕನಿಷ್ಠ ಮೊಳಕೆ ಟೊಮ್ಯಾಟೊ ಮತ್ತು ಬದನೆಗೆ ಶೇ. 70, ಬೆಂಡೆಗೆ ಶೇ. 65, ಮೆಣಸಿನಕಾಯಿಗೆ ಶೇ. 60. ಈರುಳ್ಳಿ ಬೀಜ ಒಂದು ವರ್ಷ ಕಳೆದರೆ ಸತ್ವ ಕಳೆದುಕೊಳ್ಳುತ್ತದೆ. ಟೊಮ್ಯಾಟೊ, ಬದನೆಯ ಬೀಜ ಒಣಗಿಸಿಟ್ಟರೆ ಮೂರು ನಾಲ್ಕು ವರ್ಷ ಬಾಳುತ್ತದೆ.

ಅನುಮಾನವಿದ್ದರೆ ಮನೆಯಲ್ಲಿಯೇ ಪರೀಕ್ಷಿಸಬಹುದು. 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಆರದಂತೆ ನೋಡಿಕೊಂಡರೆ ಎಂಟು ಹತ್ತು ದಿನಗಳಲ್ಲಿ ಫಲಿತಾಂಶ ತಿಳಿಯುತ್ತದೆ. 14 ಮೊಳೆತರೆ ಶೇ. 70 ಎಂದರ್ಥ. ಮಕ್ಕಳಿಗೆ ಈ ಕೆಲಸವನ್ನು ವಹಿಸಿದರೆ ಲೆಕ್ಕವೂ ಬರುತ್ತದೆ, ಬೀಜದ ಮೇಲೆ ಮಮತೆಯೂ ಹುಟ್ಟುತ್ತದೆ. ಒಂದು ಎಚ್ಚರಿಕೆ: ಗುಲಾಬಿ, ನೀಲಿ, ಹಸಿರು ಬಣ್ಣ ಹಚ್ಚಿದ ಬೀಜಗಳಿಗೆ ಸಾಮಾನ್ಯವಾಗಿ ಔಷಧ ಲೇಪಿಸಿರುತ್ತಾರೆ. ಅವನ್ನು ಮಕ್ಕಳ ಕೈಗೆ ಕೊಡಬಾರದು. ಉಳಿದುದನ್ನು ಅಡಿಗೆಗೆ ಬಳಸಲಂತೂ ಬಾರದು.

ಬಿತ್ತುವುದು ಯಾವುದು, ನೆಡುವುದು ಯಾವುದು?

ಎಲ್ಲವನ್ನೂ ಸಸಿಯಾಗಿ ತರಬೇಕಿಲ್ಲ. ಬೆಂಡೆ, ಅವರೆ, ಹುರುಳಿಕಾಯಿ, ಗೋರಿಕಾಯಿ, ಮೂಲಂಗಿ, ಕ್ಯಾರೆಟ್, ಸೊಪ್ಪುಗಳು ಇವು ಬೇರು ಕದಲಿಸುವುದನ್ನು ಸಹಿಸುವುದಿಲ್ಲ. ನೇರವಾಗಿ ಬಿತ್ತುವುದೇ ಸರಿ. ಹೀರೆ, ಹಾಗಲ, ಸೋರೆಗಳನ್ನೂ ಗುಣಿಯಲ್ಲಿ ಬಿತ್ತುವುದು ರೂಢಿ. ಹಾಗಲ ಬೀಜದ ಸಿಪ್ಪೆ ಗಟ್ಟಿಯಾದುದರಿಂದ ರಾತ್ರಿಯಿಡೀ ನೆನೆಸಿದರೆ ಬೇಗ ಮೊಳೆಯುತ್ತದೆ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಕೋಸುಗಳನ್ನು ಮಾತ್ರ ಸಸಿಮಡಿಯಲ್ಲಿ ಬೆಳೆಸಿ ಕಿತ್ತು ನೆಡುತ್ತಾರೆ.

ಸಸಿ ಕೊಳ್ಳುವಾಗ ಎತ್ತರವಾಗಿರುವುದನ್ನು ಆರಿಸುವುದು ಸಹಜ. ಆದರೆ ಅದು ಸಲ್ಲದು. ನೆರಳಿನಲ್ಲಿ ಬೆಳಕಿಗಾಗಿ ತಡಕಾಡಿದ ಸಸಿಯೇ ಹಾಗೆ ಸಪೂರವಾಗಿ ಎತ್ತರಿಸುವುದು. ಒಳ್ಳೆಯ ಸಸಿ ಗಿಡ್ಡವಾಗಿ, ಕಾಂಡ ದಪ್ಪವಾಗಿ, ನಾಲ್ಕೈದು ನಿಜವಾದ ಎಲೆಗಳೊಡನೆ ಇರುತ್ತದೆ. ಟೊಮ್ಯಾಟೊಗೆ 25ರಿಂದ 30 ದಿನ, ಬದನೆಗೆ 30ರಿಂದ 35 ದಿನ, ಮೆಣಸಿನಕಾಯಿಗೆ 35ರಿಂದ 40 ದಿನ ತಕ್ಕ ವಯಸ್ಸು. ಹೂ ಬಿಟ್ಟ ಸಸಿಯನ್ನು ಕಂಡು ಹಿಗ್ಗಬಾರದು. ಅದು ಚಿಕ್ಕ ತಟ್ಟೆಯಲ್ಲಿ ಹೆಚ್ಚು ದಿನ ಸೆರೆಯಿದ್ದುದರ ಗುರುತು. ಎಲೆಯ ತಳಭಾಗವನ್ನು ಮಗುಚಿ ನೋಡಬೇಕು. ಮೆಲ್ಲನೆ ತಟ್ಟಿದಾಗ ಬಿಳಿನೊಣ ಹಾರಿದರೆ, ಚಿಗುರು ಮುದುಡಿದ್ದರೆ, ಬೆಲೆ ಎಷ್ಟೇ ಕಡಿಮೆಯಾದರೂ ತರಬಾರದು. ಒಂದು ರೋಗದ ಸಸಿ ಮನೆಯ ಉಳಿದೆಲ್ಲ ಗಿಡಗಳಿಗೆ ನಂಜನ್ನು ಹೊತ್ತು ತರುತ್ತದೆ. ಸಾಧ್ಯವಾದರೆ ಬೇರಿನ ಮುದ್ದೆಯನ್ನು ನೋಡಿ. ಬೇರು ಬೆಳ್ಳಗಿರಬೇಕು, ಕಂದಾಗಿ ಸುತ್ತಿಕೊಂಡಿರಬಾರದು. ಮಾರುವವನಿಗೆ ತಳಿಯ ಹೆಸರು ತಿಳಿಯದಿದ್ದರೆ ಇನ್ನೊಂದು ಕಡೆ ವಿಚಾರಿಸಿ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳೂ ವಿಶ್ವವಿದ್ಯಾಲಯಗಳ ಮಾರಾಟ ಕೇಂದ್ರಗಳೂ ಇದಕ್ಕೆಂದೇ ಇವೆ.

ಮನೆಯಲ್ಲಿಯೇ ಸಸಿ ಮಾಡುವವರು ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವನ್ನು ಸಮಪಾಲು ಬೆರೆಸಿ, ಬೀಜವನ್ನು ಅದರ ಗಾತ್ರದ ಎರಡರಷ್ಟು ಆಳದಲ್ಲಿ ಹಾಕಿದರೆ ಸಾಕು. ನೀರು ನಿಂತರೆ ಎಳೆಯ ಸಸಿ ಬುಡ ಕೊಳೆತು ಮಗುಚುತ್ತದೆ. ಬಿಳಿನೊಣ ಬಾರದಂತೆ ಒತ್ತಾದ ನೈಲಾನ್ ಪರದೆ ಹೊದಿಸಬೇಕು. ಕೀಳುವ ವಾರದ ಮೊದಲು ನೀರನ್ನು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಬೇಕು. ನಾಟಿಗೆ ಇಳಿಹೊತ್ತು ಶ್ರೇಷ್ಠ. ಟೊಮ್ಯಾಟೊ ಕಾಂಡದಿಂದಲೂ ಬೇರು ಬಿಡುವುದರಿಂದ ಅದನ್ನು ತುಸು ಆಳಕ್ಕೆ ನೆಡಬಹುದು. ಬದನೆ, ಮೆಣಸಿನ ಸಸಿಗಳನ್ನು ಮಡಿಯಲ್ಲಿದ್ದಷ್ಟೇ ಮಟ್ಟಕ್ಕೆ ನೆಡಬೇಕು.

ಒಂದು ಗಿಡ ಬೀಜಕ್ಕಿರಲಿ

ಇಲ್ಲಿಯವರೆಗೆ ಹೇಳಿದುದು ಒಂದು ವರ್ಷದ ಫಲದ ಮಾತು. ಇನ್ನು ಹೇಳಬೇಕಾದುದು ಅದಕ್ಕಿಂತ ದೊಡ್ಡದು. ಒಂದು ಕಾಲದಲ್ಲಿ ಸೋರೆಯ ಬುರುಡೆಯಲ್ಲಿ, ಬೂದಿ ಬೆರೆಸಿದ ಗಡಿಗೆಯಲ್ಲಿ, ಗೋಡೆಗೆ ತಟ್ಟಿದ ಸಗಣಿಯಲ್ಲಿ ಮನೆಯ ಬೀಜ ಉಳಿಯುತ್ತಿತ್ತು. ಯಾವ ಗಿಡದ ಯಾವ ಕಾಯಿಯನ್ನು ಬೀಜಕ್ಕೆ ಬಿಡಬೇಕೆಂಬುದನ್ನು ನಿರ್ಧರಿಸುತ್ತಿದ್ದವಳು ಮನೆಯ ಹಿರಿಯಳು. ಮದುವೆಯಾಗಿ ಹೋಗುವ ಮಗಳ ಸೆರಗಿನಲ್ಲಿ ತವರಿನ ಬೀಜವೂ ಹೋಗುತ್ತಿತ್ತು. ಒಂದು ಮುಂಗಾರು ಆ ಬೀಜವನ್ನು ಬಿತ್ತದೆ, ಗಡಿಗೆಯನ್ನು ತೆರೆದು ನೋಡದೆ ಹೋದರೆ ಸಾಕು, ನೂರು ವರ್ಷಗಳ ತಳಿ ಆ ಮನೆಯಿಂದ ಇಲ್ಲವಾಗುತ್ತದೆ. ಹಣ ಕೊಟ್ಟರೂ ಅದು ಅಂಗಡಿಯಲ್ಲಿ ಸಿಗುವುದಿಲ್ಲ.

ಆದುದರಿಂದ ಕೊಂಡ ತಳಿಗಳು ಎಷ್ಟೇ ಇರಲಿ, ಒಂದು ಸಾಲು ಮನೆಯ ಬೀಜದ್ದಿರಲಿ. ಬೀಜಕ್ಕೆ ಬಿಡುವುದು ಅತ್ಯುತ್ತಮವಾದ ಗಿಡವನ್ನೇ ಹೊರತು ಕೊನೆಯಲ್ಲಿ ಉಳಿದುದನ್ನಲ್ಲ. ಟೊಮ್ಯಾಟೊ ಚೆನ್ನಾಗಿ ಹಣ್ಣಾದ ಮೇಲೆ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಬದನೆ ಗಿಡದಲ್ಲಿಯೇ ಬಲಿತು ಹಳದಿಯಾಗಬೇಕು. ಬೆಂಡೆ, ಅವರೆ ಗಿಡದಲ್ಲಿಯೇ ಒಣಗಬೇಕು. ಟೊಮ್ಯಾಟೊ, ಅವರೆ, ಹುರುಳಿಕಾಯಿ ತಮ್ಮ ಹೂವಿನಲ್ಲಿಯೇ ಪರಾಗ ಹೊಂದುವುದರಿಂದ ಹೊಸಬರಿಗೆ ಸುಲಭ. ಮೆಣಸಿನಕಾಯಿ, ಬೆಂಡೆ, ಬದನೆಗಳಲ್ಲಿ ದುಂಬಿಗಳಿಂದ ಬೆರಕೆಯಾಗುವುದುಂಟು. ಬೀಜಕ್ಕೆ ಬಿಡುವ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೆ ಶುದ್ಧವಾಗಿರುತ್ತದೆ.

ಬಳ್ಳಿಗಾಯಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಕುಂಬಳ, ಸೌತೆ ಬೆಳಿಗ್ಗೆ ಅರಳುತ್ತವೆ; ಹೀರೆ, ಸೋರೆ ಸಂಜೆ ಅರಳುತ್ತವೆ. ಆ ಹೊತ್ತಿಗೆ ಕೈಯಿಂದಲೇ ಪರಾಗ ಮುಟ್ಟಿಸಿ ಹೂವನ್ನು ಕಟ್ಟಿಡಬಹುದು. ಇಲ್ಲಿ ಉದಾಸೀನ ಸಲ್ಲದು. ಕಹಿ ಜಾತಿಯೊಡನೆ ಬೆರಕೆಯಾದ ಸೋರೆಯ ಬೀಜದಿಂದ ಕಹಿಯಾದ ಕಾಯಿ ಬರಬಹುದು. ಕಹಿ ಸೋರೆ ವಿಷಕಾರಿ, ಅದರ ರಸ ಕುಡಿದು ಪ್ರಾಣಾಪಾಯವಾದದ್ದೂ ಉಂಟು. ಮನೆಯ ಬೀಜದ್ದಾಗಲಿ, ಕೊಂಡದ್ದಾಗಲಿ, ಸೋರೆಯನ್ನು ಹೆಚ್ಚುವಾಗ ಚೂರೊಂದನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿ, ಕಹಿಯೆನಿಸಿದರೆ ಉಗುಳಿ ಕಾಯಿಯನ್ನು ಎಸೆಯಬೇಕು.

ಬೀಜ ಹಿಡಿಯುವುದು, ಹಂಚಿಕೊಳ್ಳುವುದು ನಮ್ಮ ರೈತರ ಹಕ್ಕೆಂದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಒಪ್ಪಿದೆ. ಆದರೆ ಕಾಯಿದೆ ಕೊಟ್ಟ ಹಕ್ಕನ್ನು ಉಳಿಸುವುದು ಮನೆಯ ಗಡಿಗೆಯೇ. ಈ ಮುಂಗಾರಿಗೆ ಅಂಗಡಿಗೆ ಹೋಗುವ ಮೊದಲು ಅಜ್ಜಿಯನ್ನೋ, ಅತ್ತೆಯನ್ನೋ, ಹಳ್ಳಿಯ ಬಂಧುಗಳನ್ನೋ ಒಮ್ಮೆ ಕೇಳಿ ನೋಡಿ. ಯಾರ ಅಟ್ಟದ ಮೇಲಾದರೂ ಒಂದು ಹಿಡಿ ಹೀರೆಯ ಬೀಜ, ನಾಲ್ಕು ಅವರೆಯ ಕಾಳು ಉಳಿದಿರಬಹುದು. ಅದನ್ನು ತಂದು, ಹೆಸರನ್ನೂ ಊರನ್ನೂ ವರ್ಷವನ್ನೂ ಚೀಟಿಯಲ್ಲಿ ಬರೆದು, ಬಿತ್ತಿ, ಫಲ ಬಂದಾಗ ಇನ್ನೊಂದು ಮನೆಗೂ ಕೊಡಿ. ಒಂದೇ ಮನೆಯಲ್ಲಿದ್ದ ಬೀಜ ಒಂದು ಬರಗಾಲಕ್ಕೆ ಕಳೆದುಹೋದೀತು. ನಾಲ್ಕು ಮನೆಗೆ ಹಂಚಿದ ಬೀಜ ಮತ್ತೆ ನಮ್ಮ ಹಿತ್ತಲಿಗೆ ಬಂದೇ ಬರುತ್ತದೆ.